ಗಿಟ್ ಬ್ರಿಡ್ಜ್ ಆನ್ ಮಾಡೋಕೆ ಇಷ್ಟು ಅವಸರ ಯಾಕೆ?

ನಮಸ್ಕಾರ. ಮೇನ್‌ಫ್ರೇಮ್ ಸೋರ್ಸ್ ಕಾಯೋ, ಅದರ ಬದಲಾವಣೆ ನಿಭಾಯಿಸೋ ಸಾಫ್ಟ್‌ವೇರ್ ಎಂಡೆವರ್‌ಗೆ ಈಚಿನ ವರ್ಷಗಳಲ್ಲಿ ಸೇರಿದ ಸೌಲಭ್ಯಗಳು ಬೇಕಾದಷ್ಟಿವೆ. ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡೋಕೆ ರೆಸ್ಟ್ ಎಪಿಐ ಬಂತು, ವಿಎಸ್ ಕೋಡ್ ಎಡಿಟರ್ ಒಳಗೆ ಎಕ್ಸ್‌ಪ್ಲೋರರ್ ಬಂತು, ಕಮಾಂಡ್ ಲೈನಿಂದ ಮೇನ್‌ಫ್ರೇಮ್ ಮುಟ್ಟೋ ಝೋವಿಗೆ ಪ್ಲಗಿನ್ ಬಂತು. ಆದ್ರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಯಲ್ಲಿ ಕೂತು ಎಲ್ಲೋ ಇರೋ ಬ್ಯಾಂಕಿನ ಕೋಬಾಲ್ ಪ್ರೋಗ್ರಾಂ ತಿದ್ದೋರಿಗೆ ಅದರಲ್ಲಿ ನಿಜವಾಗಿ ದಿನ ಬದಲಾಯಿಸೋದು ಗಿಟ್ ಬ್ರಿಡ್ಜ್, ಅಂದ್ರೆ ಎಂಡೆವರ್ ಸೋರ್ಸನ್ನೂ ಗಿಟ್ ರೆಪೋನೂ ಒಂದಕ್ಕೊಂದು ಹೊಂದಿಸೋ ಸೇತುವೆ. ಅವಸರ ಮಾಡಿದ್ರೆ ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡೋದೂ ಅದೇ.

ಮೊದಲು ಉಪಯೋಗ ಹೇಳ್ತೀನಿ. ಆಷಾಢದ ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಕರೆಂಟ್ ಹೋಗತ್ತೆ, ಅದರ ಹಿಂದೇನೇ ಟವರ್, ಅದರ ಹಿಂದೆ ವಿಪಿಎನ್. 3270 ಪರದೆಯಲ್ಲಿ (ಮೇನ್‌ಫ್ರೇಮಿನ ಟರ್ಮಿನಲ್) ತೆರೆದಿದ್ದ ಮೆಂಬರ್ (ಒಂದು ಸೋರ್ಸ್ ಫೈಲ್) ಮೇಲಿನ ಎನ್‌ಕ್ಯೂ, ಅಂದ್ರೆ ಬೀಗ, ಸೆಷನ್ ಸಾಯೋ ತನಕ ಹಾಗೇ ಇರತ್ತೆ, ಬೇರೆಯವರು ತೆರೆಯೋಕೆ ಹೋದ್ರೆ 'ಮೆಂಬರ್ ಇನ್ ಯೂಸ್'. ಲೈನ್ ಬೇಗ ಬಂದ್ರೆ ಮೇನ್‌ಫ್ರೇಮಿನ ಟಿಎಸ್‌ಓ ಲಾಗಾನ್ ಪರದೆಯಲ್ಲಿ ರಿಕನೆಕ್ಟ್ ಎದುರು ಎಸ್ ಒತ್ತಿ ಹಳೇ ಸೆಷನ್ ಹಿಡೀಬಹುದು. ತಡ ಆದ್ರೆ, ಎಡಿಟ್ ಪ್ರೊಫೈಲಲ್ಲಿ ರಿಕವರಿ ಆನ್ ಇದ್ದೋರಿಗೆ ಮಾತ್ರ ಬರೆದಿದ್ದು ವಾಪಸ್ ಸಿಗತ್ತೆ. ಗಿಟ್ಟಲ್ಲಿ ಈ ರಗಳೆ ಇಲ್ಲ. ಸೋರ್ಸ್ ನಿಮ್ಮ ಲ್ಯಾಪ್‌ಟಾಪಲ್ಲೇ ಇದೆ, ಬ್ಯಾಟರಿ ಇರೋ ತನಕ ತಿದ್ದಿ, ಕಮಿಟ್ ಮಾಡಿ, ಲೈನ್ ಬಂದಾಗ ಪುಶ್ ಮಾಡಿ. ಬ್ರಿಡ್ಜ್ ಅದನ್ನ ಎಂಡೆವರ್ ಎಲಿಮೆಂಟ್ (ಅದರಲ್ಲಿಟ್ಟ ಒಂದೊಂದು ಸೋರ್ಸ್) ಮೇಲೆ ಅಪ್‌ಡೇಟ್ ಮಾಡತ್ತೆ. ಎಂಡೆವರ್ ಕಡೆ ಆದ ಬದಲಾವಣೆನ ರೆಪೋಗೆ ತರತ್ತೆ.

ಈಗ ತೊಂದರೆಗೆ ಬರೋಣ. ಬಹಳ ತಂಡಗಳು ಬ್ರಿಡ್ಜ್ ಇನ್‌ಸ್ಟಾಲ್ ಮಾಡಿ ಆಮೇಲೆ ಸೋರ್ಸ್ ನೋಡ್ತಾರೆ. ಅದು ಉಲ್ಟಾ ಆಗ್ಬೇಕು.

ಕೋಬಾಲ್ ಸಾಲು 80 ಕಾಲಂ. 1ರಿಂದ 6 ಸೀಕ್ವೆನ್ಸ್ ನಂಬರ್, 7 ಇಂಡಿಕೇಟರ್, ಕೋಡ್ ಇರೋದು 8ರಿಂದ 72. 73ರಿಂದ 80 ಇರೋದನ್ನ ಕಂಪೈಲರ್ ಕಣ್ಣೆತ್ತಿಯೂ ನೋಡಲ್ಲ. ಎಂಡೆವರಲ್ಲಿ ಕೋಬಾಲ್ ಟೈಪ್ ಡೆಫಿನಿಷನ್‌ನಲ್ಲಿ ಕಂಪೇರ್ ಕಾಲಂ ಸಾಮಾನ್ಯವಾಗಿ 7ರಿಂದ 72 ಅಂತ ಇಟ್ಟಿರ್ತಾರೆ, ಹಾಗಾಗಿ ನಂಬರ್ ಬದಲಾದ್ರೆ ಅದಕ್ಕೆ ಬದಲಾವಣೆ ಅನ್ಸೋದಿಲ್ಲ. ಗಿಟ್‌ಗೆ ಪೂರ್ತಿ ಸಾಲೇ ಸಾಲು. ಮೇನ್‌ಫ್ರೇಮಿನ ಎಡಿಟರ್ ಇರೋ ಐಎಸ್‌ಪಿಎಫ್‌ನಲ್ಲಿ ಯಾರೋ ಒಬ್ಬರು ನಂಬರ್ ಆನ್ ಇಟ್ಟುಕೊಂಡು ಸೇವ್ ಮಾಡಿದ್ರೆ ಸಾಕು, ಎರಡು ಸಾಲು ತಿದ್ದಿದ ಪ್ರೋಗ್ರಾಂನ ಡಿಫ್ ಅಷ್ಟುದ್ದ ಕೆಂಪು-ಹಸಿರು ಬರತ್ತೆ, ಮರ್ಜ್ ಮಾಡೋರು ತಲೆ ಮೇಲೆ ಕೈ ಹೊತ್ಕೋಬೇಕು. ಅದಕ್ಕೇ ಮೊದಲ ಸಿಂಕ್‌ಗೆ ಮುಂಚೆ ಎಲ್ಲಾ ಮೆಂಬರ್‌ಗಳಿಗೂ ಅನ್‌ನಂಬರ್ (ನಂಬರ್ ಅಳಿಸೋ ಕಮಾಂಡ್) ಹೊಡೆದು, ಪ್ರೊಫೈಲನ್ನ ನಂಬರ್ ಆಫ್ ಮಾಡಿ.

ಇದರ ಇನ್ನೊಂದು ಮುಖ ವಿಎಸ್ ಕೋಡ್ ಕಡೆಯದು. ಅಲ್ಲಿ ಸಾಲು ಎಷ್ಟುದ್ದ ಬೇಕಾದ್ರೂ ಹೋಗತ್ತೆ. ಇಫ್ ಮುಗಿಸೋ ಚುಕ್ಕಿ 73ನೇ ಕಾಲಂಗೆ ಜಾರಿತು ಅಂದ್ಕೊಳ್ಳಿ. ಕಂಪೈಲರ್‌ಗೆ ಆ ಚುಕ್ಕಿ ಇಲ್ಲ, ಎಂಡ್-ಇಫ್ ಬರೀದೇ ಇರೋ ಹಳೇ ಕೋಡಾದ್ರೆ ಮುಂದಿನ ವಾಕ್ಯಗಳೂ ಅದೇ ಇಫ್ ಒಳಗೆ ಸೇರ್ಕೊಳ್ಳತ್ತೆ. ಎರರ್ ಬರ್ಲೇಬೇಕು ಅಂತೇನಿಲ್ಲ, ರಿಟರ್ನ್ ಕೋಡ್ ಸೊನ್ನೆ (ಎಲ್ಲ ಸರಿ ಅಂತ) ಬಂದೂ ಲೆಕ್ಕ ತಪ್ಪತ್ತೆ. ಎಡಿಟರಲ್ಲಿ 7, 72, 80ಕ್ಕೆ ರೂಲರ್ ಹಾಕಿ, ಟ್ಯಾಬ್ ಒತ್ತಿದ್ರೆ ಸ್ಪೇಸ್ ಬೀಳೋ ಹಾಗೆ ಮಾಡಿ.

ಇನ್ನು ಕೋಡ್ ಪೇಜ್, ಅಂದ್ರೆ ಯಾವ ಅಕ್ಷರಕ್ಕೆ ಯಾವ ಬೈಟ್ ಅನ್ನೋ ಪಟ್ಟಿ. ಮೇನ್‌ಫ್ರೇಮಲ್ಲಿ ಸೋರ್ಸ್ ಇರೋದು ಎಬ್ಸಿಡಿಕ್‌ನಲ್ಲಿ, ಗಿಟ್ಟಲ್ಲಿ ಯುಟಿಎಫ್-8. ಹಳೇ ಪ್ರೋಗ್ರಾಂಗಳಲ್ಲಿ ಹೆಕ್ಸ್ ಆನ್ ಮಾಡಿ ಲಿಟರಲ್ (ಕೋಟ್ ನಡುವೆ ಬರೆದ ಮೌಲ್ಯ) ಒಳಗೆ ನೇರವಾಗಿ ಕಂಟ್ರೋಲ್ ಬೈಟ್ ತುಂಬಿರ್ತಾರೆ. ಹೆಕ್ಸ್ 15, ಹೆಕ್ಸ್ 25 ಎರಡೂ ಎಬ್ಸಿಡಿಕ್‌ನಲ್ಲಿ ಸಾಲು ಮುರಿಯೋ ಗುರುತು, ಪರಿವರ್ತನೆ ಆದಾಗ ಲಿಟರಲ್ ಅಲ್ಲೇ ಎರಡು ತುಂಡು. ಹುಡುಕೋದು ಸುಲಭ: ಐಎಸ್‌ಪಿಎಫ್ ಎಡಿಟಲ್ಲಿ ಫೈಂಡ್ ಆಲ್ ಕೊಟ್ಟು, ಪಿ ಅಕ್ಷರದ ಮುಂದೆ ಸಿಂಗಲ್ ಕೋಟ್ ಒಳಗೆ ಚುಕ್ಕಿ ಹಾಕಿ, ಪರದೆ ಮೇಲೆ ಕಾಣದ ಬೈಟ್‌ಗಳೆಲ್ಲ ಸಿಗತ್ತೆ. ಸಿಕ್ಕಿದ್ದನ್ನ ಹೆಕ್ಸ್ ಲಿಟರಲ್ ಆಗಿ ಬರೀರಿ. 037 ಮತ್ತು 1047 ಅನ್ನೋ ಎರಡು ಎಬ್ಸಿಡಿಕ್ ಕೋಡ್ ಪೇಜ್ ಬೆರೆಸಬೇಡಿ. ಚೌಕ ಬ್ರಾಕೆಟ್‌ಗಳ ಬೈಟ್ ಎರಡರಲ್ಲೂ ಬೇರೆ ಬೇರೆ, ಸಿ ಕೋಡ್ ಇದ್ರೆ ಅವತ್ತೇ ಗೊತ್ತಾಗತ್ತೆ.

ನಮ್ಮವರಿಗೆ ಒಂದು ವಿಶೇಷ ಎಚ್ಚರಿಕೆ. ವಿಎಸ್ ಕೋಡ್ ಸಿಕ್ಕಿದ ಖುಷಿಗೆ ಕಮೆಂಟನ್ನ ಕನ್ನಡದಲ್ಲಿ ಬರೆಯೋ ಆಸೆ ಬರತ್ತೆ. ಬರೀಬೇಡಿ ಮಾರಾಯ್ರೆ. 'ಬಡ್ಡಿ' ಅನ್ನೋದು ಯುನಿಕೋಡಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. 1047ರಲ್ಲಿ ಅದಕ್ಕೆ ಜಾಗವೇ ಇಲ್ಲ, ಪ್ರತಿಯೊಂದಕ್ಕೂ ಬದಲಿ ಅಕ್ಷರವಾಗಿ ಹೆಕ್ಸ್ 3ಎಫ್ ಬೀಳತ್ತೆ. ಸಿಂಕ್ ಎರಡೂ ದಿಕ್ಕಿಗೆ ಇರೋದ್ರಿಂದ ಆ ಕಸ ವಾಪಸ್ ಗಿಟ್‌ಗೂ ಬರತ್ತೆ. ಕನ್ನಡ ವಿವರಣೆ ಬೇಕೇ ಬೇಕು ಅಂದ್ರೆ ಎಂಡೆವರ್‌ಗೆ ಹೋಗದ ಬೇರೆ ರೆಪೋದಲ್ಲಿ ಇಡಿ.

ಸೈನ್‌ಔಟ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಎಂಡೆವರಲ್ಲಿ ತಿದ್ದೋಕೆ ಸೋರ್ಸ್ ರಿಟ್ರೀವ್ ಮಾಡಿದೋರ ಹೆಸರಿಗೆ ಎಲಿಮೆಂಟ್ ಬೀಗ ಬೀಳತ್ತೆ, ಕ್ಲೋನ್ ಮಾಡಿದ್ರೆ ಬೀಳಲ್ಲ. ಮೂರು ದಿನ ಲೈನ್ ಇಲ್ಲದೆ ಕೆಲಸ ಮಾಡಿದೋರು ಪುಶ್ ಮಾಡೋ ಹೊತ್ತಿಗೆ ಆ ಎಲಿಮೆಂಟ್ ಇನ್ನೊಬ್ಬರ ಕೈಲಿರಬಹುದು. ಆಗ ಓವರ್‌ರೈಡ್ ಸೈನ್‌ಔಟ್ (ಬೇರೆಯವರ ಬೀಗ ಮೀರೋ) ಅಧಿಕಾರ ಎಲ್ಲರಿಗೂ ಕೊಟ್ಟು ಸುಮ್ಮನಾಗೋ ಅಭ್ಯಾಸ ಇದೆಯಲ್ಲ, ಅದು ನನಗೆ ಒಪ್ಪಿಗೆ ಇಲ್ಲ.

ಕಾಪಿಬುಕ್ (ಹಲವು ಪ್ರೋಗ್ರಾಂಗಳು ಸೇರಿಸ್ಕೊಳ್ಳೋ ಸಾಮಾನ್ಯ ಕೋಡ್) ಇದಕ್ಕಿಂತ ದೊಡ್ಡ ವಿಷಯ. ಒಂದು ಕಾಪಿಬುಕ್ ತಿದ್ದಿದ್ರೆ ಯಾವ್ಯಾವ ಪ್ರೋಗ್ರಾಂ ಮತ್ತೆ ಜನರೇಟ್ ಆಗ್ಬೇಕು ಅಂತ ಗಿಟ್‌ಗೆ ಗೊತ್ತಿಲ್ಲ, ಯಾವುದು ಯಾವುದನ್ನ ಬಳಸತ್ತೆ ಅಂತ ಬರೆದಿಡೋ ಎಂಡೆವರ್‌ನ ಎಸಿಎಂಗೆ ಗೊತ್ತು. ಅದಕ್ಕೂ ಗೊತ್ತಾಗೋದು ಕಂಪೈಲ್ ಮಾಡಿಸೋ ಎಂಡೆವರ್ ಪ್ರೊಸೆಸರಲ್ಲಿ ಸಿಸ್‌ಲಿಬ್ ಡಿಡಿ (ಕಾಪಿಬುಕ್ ಲೈಬ್ರರಿ ಹೆಸರಿಸೋ ಸಾಲು) ಮೇಲೆ ಮಾನಿಟರ್=ಕಾಂಪೊನೆಂಟ್ಸ್ ಬರೆದಿದ್ರೆ ಮಾತ್ರ. ಎಷ್ಟೋ ಹಳೇ ಪ್ರೊಸೆಸರ್‌ಗಳಲ್ಲಿ ಒಂದೆರಡು ಲೈಬ್ರರಿಗೆ ಅದು ಬಿಟ್ಟುಹೋಗಿರತ್ತೆ. ಆಗ ಕಾಂಪೊನೆಂಟ್ ಲಿಸ್ಟ್ ಅರ್ಧಂಬರ್ಧ, ಇಂಪ್ಯಾಕ್ಟ್ ರಿಪೋರ್ಟ್ ಸುಳ್ಳು. ಕಂಪೈಲ್ ಆದ ಪ್ರೋಗ್ರಾಂ ಹೋಗೋ ಲೋಡ್ ಲೈಬ್ರರಿ ಡಿಡಿ ಮೇಲೆ ಫುಟ್‌ಪ್ರಿಂಟ್=ಕ್ರಿಯೇಟ್ (ಯಾವ ಸೋರ್ಸಿಂದ ಬಂತು ಅನ್ನೋ ಗುರುತು ಹಾಕೋದು) ಇದೆಯಾ ಅಂತಲೂ ಆವಾಗಲೇ ನೋಡಿ. ಪ್ರೊಸೆಸರ್ ಸರಿ ಮಾಡಿದ ಮಾತ್ರಕ್ಕೆ ಹಳೇ ಎಲಿಮೆಂಟ್‌ಗಳ ಪಟ್ಟಿ ತುಂಬಲ್ಲ, ಅವನ್ನ ಮತ್ತೆ ಜನರೇಟ್ ಮಾಡ್ಬೇಕು.

ಪ್ರೊಡಕ್ಷನ್‌ಗೆ ಹೋಗೋ ದಾರಿ ಮಾತ್ರ ಎಂಡೆವರ್ ಪ್ಯಾಕೇಜ್ ಆಗೇ ಇರಲಿ: ಕಾಸ್ಟ್ (ಪ್ಯಾಕೇಜ್ ಗಟ್ಟಿ ಮಾಡಿ ಮುಚ್ಚೋದು), ಅಪ್ರೂವಲ್, ಎಕ್ಸಿಕ್ಯೂಟ್. ಗಿಟ್ಟಲ್ಲಿ ಬದಲಾವಣೆ ಪರಿಶೀಲನೆಗೆ ಇಡೋ ಪುಲ್ ರಿಕ್ವೆಸ್ಟಿಗೆ ಒಪ್ಪಿಗೆ ಸಿಕ್ತು ಅಂತ ಪ್ಯಾಕೇಜ್ ಅಪ್ರೂವರ್ ಗುಂಪನ್ನ ಖಾಲಿ ಮಾಡೋರಿದ್ದಾರೆ. ಪುಲ್ ರಿಕ್ವೆಸ್ಟಲ್ಲಿ ನೋಡಿದ್ದು ಸೋರ್ಸ್. ಪ್ರೊಡಕ್ಷನ್‌ಗೆ ಹೋಗ್ತಿರೋದು ಲೋಡ್ ಮಾಡ್ಯೂಲ್.

ಈ ವ್ಯತ್ಯಾಸ ಬ್ಯಾಕ್‌ಔಟ್ ಆದ ರಾತ್ರಿ ಕಾಣತ್ತೆ. ಪ್ಯಾಕೇಜ್ ಬ್ಯಾಕ್‌ಔಟ್ ಹಳೇ ಔಟ್‌ಪುಟ್‌ಗಳನ್ನ ವಾಪಸ್ ತರತ್ತೆ, ಸೋರ್ಸ್ ಮುಟ್ಟಲ್ಲ. ಅಂದ್ರೆ ಲೋಡ್ ಹಳೇದು, ಎಂಡೆವರ್ ಸೋರ್ಸೂ ಗಿಟ್ ಬ್ರಾಂಚೂ ಹೊಸದು. ಗಿಟ್ ನೋಡಿ ಡಂಪ್ (ಬಿದ್ದ ಪ್ರೋಗ್ರಾಂನ ಮೆಮೊರಿ ನಕಲು) ಓದೋಕೆ ಕೂತ್ರೆ ಆಫ್‌ಸೆಟ್ ಯಾವುದೂ ತಾಳೆ ಆಗಲ್ಲ. ಮಾಡ್ಯೂಲ್‌ನ ಫುಟ್‌ಪ್ರಿಂಟ್ ತೆಗೆದು ವರ್ಷನ್, ಲೆವೆಲ್ ನೋಡಿ, ಆ ಲೆವೆಲ್‌ನ ಸೋರ್ಸ್ ತರಿಸ್ಕೊಳ್ಳಿ. ಡಿಬಿ2 ಡೇಟಾಬೇಸ್ ಬಳಸೋ ಪ್ರೋಗ್ರಾಂ ಆಗಿದ್ರೆ ಡಿಬಿಆರ್‌ಎಂ (ಅದರ ಎಸ್‌ಕ್ಯೂಎಲ್ ಇರೋ ಮೆಂಬರ್) ವಾಪಸ್ ಬಂದ ಮಾತ್ರಕ್ಕೆ ಸಾಲದು, ಅದರಿಂದ ಡಿಬಿ2 ಪ್ಯಾಕೇಜ್ ಮಾಡೋ ಬೈಂಡ್ ಮತ್ತೆ ಓಡಿಸ್ಬೇಕು. ಇಲ್ಲದಿದ್ರೆ ಹಳೇ ಲೋಡ್‌ನ ಟೋಕನ್‌ಗೆ ಹೊಂದೋ ಡಿಬಿ2 ಪ್ಯಾಕೇಜ್ ಸಿಗದೆ ಮೈನಸ್ 805 ಎರರ್ ಬರತ್ತೆ. ಆನ್‌ಲೈನ್ ವ್ಯವಹಾರ ನಡೆಸೋ ಸಿಐಸಿಎಸ್ ಆದ್ರೆ ಪ್ರೋಗ್ರಾಂ ಮತ್ತೆ ಎತ್ಕೊಳ್ಳೋ ನ್ಯೂಕಾಪಿ ಅಥವಾ ಫೇಸ್‌ಇನ್ ಕಮಾಂಡ್ ಕೊಡೋ ತನಕ ಮೆಮೊರಿಯಲ್ಲಿ ಕೆಟ್ಟ ಪ್ರತಿಯೇ ಓಡ್ತಿರತ್ತೆ. ಗಿಟ್ಟಲ್ಲಿ ರಿವರ್ಟ್ ಕಮಿಟ್ ಹಾಕೋ ಕೆಲಸ ಬೆಳಿಗ್ಗೆಗೆ ಇಟ್ಕೊಳ್ಳಿ. ರಾತ್ರಿಯೇ ಹಾಕಿದ್ರೆ ಬ್ರಿಡ್ಜ್ ಅದನ್ನೂ ಹೊಸ ಲೆವೆಲ್ ಮಾಡಿ ಎಂಡೆವರ್‌ಗೆ ತಳ್ಳತ್ತೆ, ಆಗ ಹುಡುಕೋಕೆ ಇನ್ನೊಂದು ಲೆವೆಲ್ ಜಾಸ್ತಿ.