ಫೋನಿನಲ್ಲಿ ಹುಡುಕಿ ಟಿವಿಯಲ್ಲಿ ನೋಡುವ ಹಕ್ಕು

ನಮಸ್ಕಾರ. ಪುತ್ತೂರಿನ ನಮ್ಮ ಮನೆಯಲ್ಲಿ ತಂದೆಯವರು ಯಕ್ಷಗಾನ ನೋಡುವ ಕ್ರಮವನ್ನು ಹೇಳಿ ಇವತ್ತಿನ ಮಾತನ್ನು ಆರಂಭಿಸುತ್ತೇನೆ. ಮೇಳಗಳ ತಿರುಗಾಟ ಶುರುವಾದಂದಿನಿಂದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಯಾವ ರಾತ್ರಿ ಯಾವ ಊರಿನ ಬಯಲಾಟ ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತದೆ ಎಂಬ ಸುದ್ದಿ ಅವರಿಗೆ ವಾಟ್ಸ್‌ಆ್ಯಪ್ ಗುಂಪುಗಳಿಂದ ತಲುಪುತ್ತದೆ. ಬಂದ ಲಿಂಕನ್ನು ಒತ್ತುತ್ತಾರೆ, ಪರದೆಯ ಮೂಲೆಯಲ್ಲಿ ಕಾಣುವ ಕಾಸ್ಟ್, ಅಂದರೆ ವಿಡಿಯೊವನ್ನು ಟಿವಿಯಲ್ಲಿ ತೋರಿಸುವ ಗುರುತನ್ನು ಮುಟ್ಟುತ್ತಾರೆ, ಚಾವಡಿಯ ಟಿವಿಯ ಹೆಸರನ್ನು ಆರಿಸುತ್ತಾರೆ. ಅಂಗೈಯಷ್ಟು ಪರದೆಯಲ್ಲಿ ಬಣ್ಣದ ಚುಕ್ಕೆಯಂತೆ ಕಾಣುತ್ತಿದ್ದ ವೇಷ ಗೋಡೆಯ ಮೇಲೆ ಕಿರೀಟ ಸಮೇತ ನಿಲ್ಲುತ್ತದೆ, ಮದ್ದಳೆಯ ಪೆಟ್ಟು ಕಿವಿಗೆ ಸರಿಯಾಗಿ ಬೀಳುತ್ತದೆ, ಒಳಗಿನಿಂದ ಅಮ್ಮನೂ ಬಂದು ಕುಳಿತುಕೊಳ್ಳುತ್ತಾರೆ. ಎಪ್ಪತ್ತೈದು ದಾಟಿದ ಮನುಷ್ಯನಿಗೆ ಯಾರ ಸಹಾಯವೂ ಇಲ್ಲದೆ ಇದು ಸಾಧ್ಯವಾಗುತ್ತಿದೆ ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ.

ಇಲ್ಲಿ ನಡೆಯುವುದೇನೆಂಬುದನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ವಿಡಿಯೊ ಫೋನಿಗೆ ಬಂದು, ಅಲ್ಲಿಂದ ಟಿವಿಗೆ ಹಾರುತ್ತದೆ ಎಂದೇ ಬಹಳ ಜನರ ಕಲ್ಪನೆ. ವಾಸ್ತವವಾಗಿ ಫೋನು ಕೊಡುವುದು ವಿಳಾಸವನ್ನು ಮಾತ್ರ. ಮನೆಯ ವೈಫೈ ಜಾಲದೊಳಗೆ ಫೋನು ಮೊದಲು ಒಂದು ಕೂಗು ಹಾಕುತ್ತದೆ: ಕಾಸ್ಟ್ ಸ್ವೀಕರಿಸಬಲ್ಲವರು ಯಾರಿದ್ದೀರಿ ಎಂದು. ಟಿವಿ ತನ್ನ ಹೆಸರು ಹೇಳಿ ಓಗೊಡುತ್ತದೆ. ಆಮೇಲೆ ಫೋನು ಇಂಥ ಆ್ಯಪ್ ತೆರೆದು ಇಂಥ ವಿಡಿಯೊ ನುಡಿಸು ಎಂದು ತಿಳಿಸಿ ಬದಿಗೆ ಸರಿಯುತ್ತದೆ. ವಿಡಿಯೊವನ್ನು ಅಂತರ್ಜಾಲದಿಂದ ತರಿಸಿಕೊಳ್ಳುವ ಕೆಲಸವೆಲ್ಲ ಟಿವಿಯದೇ. ಆದುದರಿಂದಲೇ ನಡುರಾತ್ರಿ ಫೋನಿಗೆ ಕರೆ ಬಂದರೂ ಪ್ರಸಂಗ ನಿಲ್ಲುವುದಿಲ್ಲ, ಫೋನಿನ ಪರದೆ ಆರಿದರೂ ಆಟ ಸಾಗುತ್ತದೆ. ಫೋನಿನೊಳಗೇ ಇರುವ ಮದುವೆಯ ವಿಡಿಯೊ ಅಥವಾ ಫೋಟೊಗಳನ್ನು ಕಾಸ್ಟ್ ಮಾಡುವಾಗ ಮಾತ್ರ ಫೋನು ಕೊನೆಯವರೆಗೂ ಎಚ್ಚರವಿರಬೇಕಾಗುತ್ತದೆ, ಏಕೆಂದರೆ ಆಗ ವಿಡಿಯೊದ ವಿಳಾಸ ಆ ಫೋನೇ ಆಗಿರುತ್ತದೆ.

ಪರದೆಯ ಪ್ರತಿಬಿಂಬ, ಅಂದರೆ ಸ್ಕ್ರೀನ್ ಮಿರರಿಂಗ್, ಬೇರೆಯೇ ಸಂಗತಿ. ಅದರಲ್ಲಿ ಫೋನಿನ ಪರದೆಯ ಮೇಲೆ ಮೂಡುವುದೆಲ್ಲ ಟಿವಿಯಲ್ಲೂ ಮೂಡುತ್ತದೆ. ಯಾರೋ ಕಳಿಸಿದ ಖಾಸಗಿ ಸಂದೇಶವೂ, ಬ್ಯಾಂಕಿನ ಎಸ್ಸೆಮ್ಮೆಸ್ಸೂ ನೆಂಟರ ಎದುರು ಗೋಡೆಯ ಮೇಲೆ ಪ್ರಕಟವಾಗಬಹುದು. ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಮಾರುವವರ ಮೇಲೆ ನನಗೆ ನಿಜವಾಗಿಯೂ ಬೇಸರವಿದೆ.

ನನ್ನ ವಾದದ ತಿರುಳು ಇಷ್ಟು: ಕನ್ನಡದ ಮನೆಗಳಿಗೆ ಕಾಸ್ಟ್ ಮಾಡುವ ಸೌಲಭ್ಯ ಅನುಕೂಲಕ್ಕಿಂತ ಹೆಚ್ಚಿನದು. ನಮ್ಮ ಟಿವಿಯ ರಿಮೋಟಿನಲ್ಲಿ ಒಂದು ಪ್ರಸಂಗದ ಹೆಸರನ್ನು ಹುಡುಕಬೇಕಾದರೆ ಇಂಗ್ಲಿಷ್ ಅಕ್ಷರಗಳ ಮಣೆಯ ಮೇಲೆ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರಕ್ಕೆ ಚಲಿಸಬೇಕು. "ಶ್ವೇತಕುಮಾರ ಚರಿತ್ರೆ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ತಂದೆಯವರು ಯೋಚಿಸುವಷ್ಟರಲ್ಲಿ ಪೂರ್ವರಂಗ ಮುಗಿದಿರುತ್ತದೆ. ಫೋನಿನಲ್ಲಾದರೋ ಅವರು ಕನ್ನಡದಲ್ಲೇ ಟೈಪಿಸುತ್ತಾರೆ, ಕನ್ನಡದಲ್ಲೇ ಮಾತಾಡಿ ಹುಡುಕುತ್ತಾರೆ, ಸ್ನೇಹಿತರು ಕಳಿಸಿದ ಲಿಂಕನ್ನು ಹಾಗೆಯೇ ತೆರೆಯುತ್ತಾರೆ. ಅವರ ಭಾಷೆ, ಅವರ ಬಳಗ, ಅವರ ಅಭಿರುಚಿ ಇರುವುದು ಫೋನಿನಲ್ಲಿ. ಟಿವಿಯ ಮುಖಪುಟದಲ್ಲಿರುವುದು ಕಂಪನಿಗಳು ಅವರಿಗಾಗಿ ಆರಿಸಿಟ್ಟ ಪೋಸ್ಟರುಗಳು. ಇವೆರಡರ ನಡುವಿನ ಸೇತುವೆ ಕಡಿದರೆ, ಮನೆಯ ಅತಿ ದೊಡ್ಡ ಪರದೆಯ ಮೇಲೆ ಏನು ಕಾಣಬೇಕೆಂಬ ತೀರ್ಮಾನ ಮನೆಯವರ ಕೈತಪ್ಪುತ್ತದೆ.

ಆ ಸೇತುವೆಗೆ ಕೈಹಾಕುವ ಕೆಲಸ ಈಗಾಗಲೇ ನಡೆದಿದೆ ಎಂಬುದೇ ನನ್ನ ಆತಂಕ. ಫೋನಿನಿಂದ ಟಿವಿಯ ಆ್ಯಪನ್ನು ತೆರೆಯುವ 'ಡಯಲ್' ಎಂಬ ಆರಂಭಿಕ ವ್ಯವಸ್ಥೆಯನ್ನು ರೂಪಿಸಿದವರು ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್. 2013ರಲ್ಲಿ ಗೂಗಲ್ ಹೊರತಂದ ಕ್ರೋಮ್‌ಕಾಸ್ಟ್ ಎಂಬ, ಟಿವಿಗೆ ಸಿಕ್ಕಿಸುವ ಪುಟ್ಟ ಸಾಧನ ಈ ಪದ್ಧತಿಯನ್ನು ಮನೆಮನೆಗೆ ಪರಿಚಯಿಸಿತು. ಅದೇ ನೆಟ್‌ಫ್ಲಿಕ್ಸ್ 2019ರಲ್ಲಿ ಆಪಲ್ ಫೋನುಗಳಿಂದ ಟಿವಿಗೆ ಕಳಿಸುವ ಏರ್‌ಪ್ಲೇ ಎಂಬ ವ್ಯವಸ್ಥೆಯ ಬೆಂಬಲವನ್ನು ಹಿಂತೆಗೆದುಕೊಂಡಿತು. 2025ರ ನವೆಂಬರ್ ಹೊತ್ತಿಗೆ, ಸ್ವಂತ ರಿಮೋಟ್ ಇರುವ ಬಹುತೇಕ ಟಿವಿಗಳಿಗೆ ಫೋನಿನಿಂದ ಕಾಸ್ಟ್ ಮಾಡುವುದನ್ನೂ ನಿಲ್ಲಿಸಿ, ಟಿವಿಯ ರಿಮೋಟನ್ನೇ ಬಳಸಿರೆಂದು ಗ್ರಾಹಕರಿಗೆ ಹೇಳಿತು. ಹಣ ಕೊಟ್ಟು ಚಂದಾದಾರರಾದವರು ವರ್ಷಗಳಿಂದ ಬಳಸುತ್ತಿದ್ದ ಸೌಲಭ್ಯವನ್ನು ಅವರ ಒಪ್ಪಿಗೆ ಕೇಳದೆ ಕಸಿದುಕೊಳ್ಳುವುದು ತಪ್ಪು. ಒಬ್ಬರು ಮಾಡಿದ್ದನ್ನು ನಾಳೆ ಉಳಿದವರೂ ಮಾಡುವುದಿಲ್ಲವೆಂಬ ಭರವಸೆಯೇನೂ ನಮಗಿಲ್ಲ.

ಕಂಪನಿಯ ದುರುದ್ದೇಶವಿಲ್ಲದಿದ್ದಾಗಲೂ ಈ ವ್ಯವಸ್ಥೆ ಎಷ್ಟು ಪರಾಧೀನವೆಂಬುದು 2025ರ ಮಾರ್ಚ್‌ನಲ್ಲಿ ತಿಳಿಯಿತು. ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಮ್ಮೆಗೇ ಕೆಲಸ ನಿಲ್ಲಿಸಿದವು. ಯಂತ್ರದಲ್ಲಿ ಒಂದು ತಂತಿಯೂ ಕೆಟ್ಟಿರಲಿಲ್ಲ, ಅದು ಅಸಲಿ ಸಾಧನವೆಂದು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದಿತ್ತು, ಅಷ್ಟೇ. ಗೂಗಲ್ ಕೆಲವೇ ದಿನಗಳಲ್ಲಿ ಸರಿಪಡಿಸಿತು, ಅದನ್ನು ಹೇಳಲೇಬೇಕು. ಆದರೆ ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಹೀಗೊಂದು ಕೊನೆಯ ದಿನಾಂಕವಿದೆಯೆಂದು ಕೊಳ್ಳುವಾಗ ಯಾರಾದರೂ ನಮಗೆ ಹೇಳಿದ್ದರೇ?

ಇನ್ನು ಜಾಲತಾಣಗಳ ಪುಟದಲ್ಲಿರುವ ವಿಡಿಯೊವನ್ನು ಪತ್ತೆಹಚ್ಚಿ ಟಿವಿಗೆ ಕಳಿಸುವ ಬೇರೆ ಬೇರೆ ಆ್ಯಪ್‌ಗಳಿವೆ. ಕಾಸ್ಟ್ ಗುಂಡಿಯೇ ಇಲ್ಲದ ತಾಣಗಳಲ್ಲಿ ಇವು ಉಪಕಾರಿ, ನಾನೂ ಬಳಸುತ್ತೇನೆ. ಆದರೆ ಇವುಗಳಲ್ಲಿ ಕೆಲವು ಕೇಳುವ ಅನುಮತಿಗಳನ್ನು ಕಣ್ಣುಮುಚ್ಚಿ ಕೊಡಬಾರದು. ಟಿವಿಯನ್ನು ಗುರುತಿಸಲು ಮನೆಯ ಜಾಲವನ್ನು ನೋಡುವ ಅನುಮತಿ ಬೇಕು. ಐಫೋನ್‌ಗಳು ಇದನ್ನು 2020ರ ಐಒಎಸ್ 14ರಿಂದ ಪ್ರತ್ಯೇಕವಾಗಿ ಕೇಳುತ್ತವೆ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸುತ್ತಲಿನ ವೈಫೈ ಹುಡುಕುವುದಕ್ಕೆ ಸ್ಥಳದ ಅನುಮತಿಯೂ ಬೇಕಾಗುತ್ತಿತ್ತು ಎಂಬುದು ನಿಜ. ಆದರೆ ಸಂಪರ್ಕಗಳ ಪಟ್ಟಿ, ಕರೆಗಳ ದಾಖಲೆ, ಎಸ್ಸೆಮ್ಮೆಸ್ ಕೇಳಿದರೆ ಆ ಆ್ಯಪನ್ನು ಆ ಕ್ಷಣವೇ ತೆಗೆದುಹಾಕಿ. ವಿಡಿಯೊ ತೋರಿಸುವುದಕ್ಕೂ ನಿಮ್ಮ ನೆಂಟರ ಫೋನ್ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ.

"ಟಿವಿ ಕಾಣುತ್ತಿಲ್ಲ" ಎಂದು ಊರಿನಿಂದ ಕರೆ ಬಂದಾಗ ನಾನು ಮೊದಲು ವಿಚಾರಿಸುವುದು ಫೋನು ಯಾವ ವೈಫೈಯಲ್ಲಿದೆ ಎಂಬುದನ್ನು. ಹತ್ತರಲ್ಲಿ ಎಂಟು ಸಲ ಫೋನು ಅತಿಥಿಗಳಿಗೆಂದು ಮಾಡಿದ ಜಾಲಕ್ಕೋ ಮೊಬೈಲ್ ಡೇಟಾಕ್ಕೋ ಹೋಗಿ ಕುಳಿತಿರುತ್ತದೆ, ಟಿವಿ ಬೇರೆ ಜಾಲದಲ್ಲಿರುತ್ತದೆ. ಅದೂ ಕೈಕೊಟ್ಟರೆ ಯೂಟ್ಯೂಬ್‌ಗೆ ಮಾತ್ರ ಇನ್ನೊಂದು ದಾರಿಯಿದೆ: ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಬರುವ ಟಿವಿ ಕೋಡನ್ನು ಫೋನಿನ ಆ್ಯಪಿಗೆ ನಮೂದಿಸಿದರೆ ಸಾಕು, ಎರಡೂ ಒಂದೇ ವೈಫೈಯಲ್ಲಿ ಇರಬೇಕೆಂದಿಲ್ಲ. ತಂದೆಯವರು ಫೋನಿನಲ್ಲಿ ಆ ಸಂಖ್ಯೆಯನ್ನು ಓದಿ ಹೇಳಿದ ದಿನ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ನಾನು ಆರಿಸಿದ ತಾಳಮದ್ದಳೆ ಪುತ್ತೂರಿನ ಚಾವಡಿಯಲ್ಲಿ ಶುರುವಾಯಿತು.

ಹೊಸ ಟಿವಿ ಕೊಳ್ಳಲು ಹೋದಾಗ, ಅಂಗಡಿಯವರು ರಿಮೋಟಿನಿಂದ ತೋರಿಸುವ ಮಿನುಗುವ ದೃಶ್ಯಗಳಿಗೆ ಒಪ್ಪಿಬಿಡಬೇಡಿ. ಅಲ್ಲಿನ ವೈಫೈಗೆ ನಿಮ್ಮ ಫೋನನ್ನು ಸೇರಿಸಿಕೊಡಿ ಎಂದು ಕೇಳಿ. ನೀವು ದಿನವೂ ನೋಡುವ ಕನ್ನಡದ ವಿಡಿಯೊವೊಂದನ್ನು ಫೋನಿನಿಂದಲೇ ಕಳಿಸಿ. ಜೊತೆಗೆ ಹೋದ ಹಿರಿಯರ ಕೈಗೂ ಫೋನು ಕೊಟ್ಟು, ಅವರಿಂದಲೂ ಒಮ್ಮೆ ಮಾಡಿಸಿ ನೋಡಿದ ಮೇಲೆಯೇ ಹಣ ಕೊಡಿ.