ಬೇಲೀಫ್: ಚಿಮಣಿ ಇಲ್ಲದ ರೈತನ ಮನೆ

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿ ಸಿಂಗಲ್ಟನ್ ಅಂತ ಒಂದು ಹಳ್ಳಿ. ಇಲ್ಲಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂಗೆ ನಾನು ಬಂದಿರುವುದು ಈ ಮನೆ ನೋಡಲು. ಹೆಸರು ಬೇಲೀಫ್.

ಮನೆ ಹುಟ್ಟಿದ್ದು ಇಲ್ಲಲ್ಲ, ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿ. 1960ರ ದಶಕದ ಕೊನೆಗೆ ಅಲ್ಲಿ ಬೌ ಬೀಚ್ ಜಲಾಶಯ ಕಟ್ಟಲು ಹೊರಟಾಗ ಇದನ್ನು ಬಿಚ್ಚಿ ತಂದರು. ಹೌದು, ಬಿಚ್ಚಿ! ಸುಮಾರು 600 ವರ್ಷದ ಮನೆಯನ್ನು.

ಅದು ಹೇಗೆ ಸಾಧ್ಯ ಅಂದರೆ, ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಈ ಮೂಲೆ ನೋಡಿ. ಒಂದು ಮರದ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರಲ್ಲಿ ಕೊರೆದ ಕುಳಿಗೆ ಸೇರಿಸಿದ್ದಾರೆ. ಅಡ್ಡಲಾಗಿ ಓಕ್ ಗೂಟ ಬಡಿದಿದ್ದಾರೆ. ಎರಡೂ ಮರದಲ್ಲಿ ಗೂಟದ ತೂತುಗಳನ್ನು ಬೇಕಂತಲೇ ಸ್ವಲ್ಪ ಆಚೀಚೆ ಕೊರೆಯುತ್ತಿದ್ದರು. ಗೂಟ ಒಳಗೆ ಹೋದ ಹಾಗೆ ಜೋಡಣೆ ತಾನೇ ಬಿಗಿಯಾಗುತ್ತದೆ. ಹಸಿ ಮರ ಬಳಸಿದ್ದರಿಂದ ಕೆತ್ತುವುದು ಸುಲಭ. ಆಮೇಲೆ ಒಣಗಿ ಗಟ್ಟಿಯಾಗುತ್ತದೆ, ಒಂಚೂರು ಸೊಟ್ಟವೂ ಆಗುತ್ತದೆ. ಕಂಬಗಳ ನಡುವೆ ಇರುವುದು ಸುಮ್ನೆ ತಡಿಕೆ, ಅದಕ್ಕೆ ಮೆತ್ತಿದ ಮಣ್ಣು.

ಹೊರಗಿನಿಂದ ಒಂದು ವಿಚಿತ್ರ ಗಮನಿಸಿ. ಎರಡು ತುದಿಯ ಮಹಡಿಗಳು ಮುಂದೆ ಚಾಚಿವೆ, ಮಧ್ಯದ ಗೋಡೆ ಹಿಂದಕ್ಕಿದೆ. ಆದರೆ ಮಾಡು ಒಂದೇ. ಹಾಗಾಗಿ ಮಧ್ಯದಲ್ಲಿ ಸೂರು ಗೋಡೆ ಬಿಟ್ಟು ಮುಂದಿದೆ, ಬಾಗಿದ ಮರಗಳು ಅದಕ್ಕೆ ಆಸರೆ. ಈ ಬಗೆಯ ಮನೆಗೆ ವೀಲ್ಡನ್ ಮನೆ ಅಂತ ಹೆಸರು.

ಈಗ ಒಳಗೆ. ಅಬ್ಬಾ, ತಲೆ ಎತ್ತಿ! ನಡುಮನೆಗೆ ಅಟ್ಟವೇ ಇಲ್ಲ, ನೇರ ಮಾಡಿನವರೆಗೆ ತೆರೆದಿದೆ. ನೆಲದ ಮಧ್ಯೆ ಬೆಂಕಿ. ಹೊಗೆ ಮೇಲೇರಿ ಮಾಡಿನ ಸಂದುಗಳಿಂದ ಹೊರಗೆ ಹೋಗಬೇಕು. ಕಿಟಕಿಗೆ ಗಾಜಿಲ್ಲ, ಮರದ ಸರಳು ಮತ್ತು ಬಾಗಿಲು ಮಾತ್ರ. ಚಳಿಗಾಲದಲ್ಲಿ ಬಾಗಿಲು ಹಾಕಿದರೆ ಕತ್ತಲು, ತೆಗೆದರೆ ಗಾಳಿ. ಆದರೂ ಇದು ಬಡವರ ಮನೆಯಲ್ಲ, ಅನುಕೂಲಸ್ಥ ರೈತನದ್ದು!

ಒಂದು ತುದಿಯಲ್ಲಿ ಉಗ್ರಾಣದ ಕೋಣೆಗಳು. ಇನ್ನೊಂದು ತುದಿಯಲ್ಲಿ ಯಜಮಾನನ ಊಟದ ಮೇಜು, ಅದರಾಚೆ ಮಹಡಿಯ ಮೇಲೆ ಅವನ ಮಲಗುವ ಕೋಣೆ. ಈ ಮಹಡಿಯ ಭಾಗ ಸೇರಿದ್ದು 16ನೇ ಶತಮಾನದ ಶುರುವಿನಲ್ಲಿ, ಉಳಿದ ಮನೆಗಿಂತ ಸುಮಾರು ನೂರು ವರ್ಷ ತಡವಾಗಿ. ಕೋಣೆಗೆ ಅಂಟಿಕೊಂಡೇ ಶೌಚದ ಗೂಡು. ಎಲ್ಲಾ ನೇರ ಕೆಳಗೆ, ಜಾಸ್ತಿ ವಿವರ ಬೇಡ ಅಲ್ವಾ?

ಒಂದು ವಿಷಯ ಮಾತ್ರ ನನಗೆ ಕೊರೆಯುತ್ತಿದೆ. ಬಿಚ್ಚುವಾಗ ಈ ಮನೆಗೆ ಚಿಮಣಿ ಇತ್ತು, ನಡುಮನೆಗೆ ಅಟ್ಟವೂ ಇತ್ತು. ಎಲ್ಲಾ ಆಮೇಲಿನ ಕಾಲದವರು ಸೇರಿಸಿದ್ದು. ಮತ್ತೆ ಕಟ್ಟುವಾಗ ಅವನ್ನು ಬಿಟ್ಟು, 16ನೇ ಶತಮಾನದ ರೂಪಕ್ಕೆ ತಂದರು. ಅಲ್ಲಿ ಬದುಕಿದ ಎಷ್ಟೋ ತಲೆಮಾರುಗಳ ಗುರುತು ಹೋಯಿತಲ್ಲ ಅನ್ನಿಸುತ್ತದೆ. ಆದರೆ ಅಟ್ಟ ಹಾಗೇ ಇದ್ದಿದ್ದರೆ, ಇಲ್ಲಿ ನಿಂತು ಮಾಡಿನವರೆಗೆ ಕಣ್ಣು ಹಾಯಿಸಲು ಆಗುತ್ತಲೇ ಇರಲಿಲ್ಲ. ನೀವಾಗಿದ್ದರೆ ಯಾವುದನ್ನು ಉಳಿಸುತ್ತಿದ್ದಿರಿ?