ಕೊರವ ಮೀನು, ಒಲೆ ಬೂದಿ, ಸಕ್ಕರೆ ಕೋಟು

(ದೃಶ್ಯ: ಕೋಲಾರದ ಹತ್ತಿರ ಒಂದು ಕೆರೆ ಏರಿ. ಭಾನುವಾರ ಬೆಳಗ್ಗೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಜೀವಂತ ಮೀನು.)

ನಮಸ್ಕಾರ. ಇದು ಕೊರವ ಮೀನು. ಹಿಡಿಯೋಕೆ ಹೋದೆ, ಜಾರಿತು. ಮತ್ತೆ ಹೋದೆ, ಮತ್ತೆ ಜಾರಿತು. ಮೈ ತುಂಬಾ ಲೋಳೆ.

"ಬರಿಗೈಲಿ ಆಗಲ್ಲಣ್ಣ, ಬೂದಿ ಹಚ್ಕೊಳ್ಳಿ" ಅಂದರು ಮೀನು ಕೊಯ್ಯುವ ಅಕ್ಕ. ಒಂದು ಹಿಡಿ ಒಲೆ ಬೂದಿ ಕೊಟ್ಟರು. ಈಗ ನೋಡಿ, ಸಿಕ್ಕಿತು!

ಈ ಬೂದಿ ನೆನಪಿರಲಿ. ಮೀನಿನ ಮೈಯಲ್ಲೂ ನಮ್ಮ ಮೈಯಲ್ಲೂ ದಿನಾ ಇದೇ ಆಟ ನಡೆಯುತ್ತದೆ. ರಕ್ತದ ಬಿಳಿ ಕಣಗಳು ಬ್ಯಾಕ್ಟೀರಿಯಾವನ್ನು ಹಿಡಿದು ನುಂಗಬೇಕು. ಹಿಡಿತ ಸಿಗಲಿ ಅಂತ ನಮ್ಮ ದೇಹ ಕೆಲವು ಪ್ರೋಟೀನುಗಳನ್ನು ರೋಗಾಣುವಿನ ಮೇಲೆ ಅಂಟಿಸುತ್ತದೆ. ಅದೇ ಬೂದಿ.

ಕೆಲವು ಬ್ಯಾಕ್ಟೀರಿಯಾ ಇದಕ್ಕೂ ಉಪಾಯ ಮಾಡಿವೆ. ಸಕ್ಕರೆ ಅಣುಗಳನ್ನು ಸರಪಳಿಯಾಗಿ ಪೋಣಿಸಿ ಮೈಗೆ ಕೋಟು ಹೊದೆಯುತ್ತವೆ. ಕಾಫಿಗೆ ಹಾಕುವ ಸಕ್ಕರೆ ಅಲ್ಲ, ಅದರ ದೂರದ ನೆಂಟರು. ಆ ಕೋಟಿನ ಮೇಲೆ ಬೂದಿ ಸರಿಯಾಗಿ ಕೂರುವುದಿಲ್ಲ.

ಅಂಥ ಕೋಟು ಹೊದ್ದ ಸ್ಟ್ರೆಪ್ಟೋಕಾಕಸ್ ಇನಿಯೇ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅಮೆಜಾನ್ ಡಾಲ್ಫಿನ್ ಒಂದರ ಕೀವುಗಡ್ಡೆಯಲ್ಲಿ ಸಿಕ್ಕಿದ್ದಕ್ಕೆ 1976ರಲ್ಲಿ ಆ ಡಾಲ್ಫಿನ್ ಜಾತಿಯ ಹೆಸರೇ (ಇನಿಯಾ) ಇದಕ್ಕೂ ಬಂತು. ಸಾಕಿದ ಮೀನಿಗೆ ಇದು ಹತ್ತಿದರೆ ಮಿದುಳಿಗೆ ಬಾವು. ಮೀನು ನೀರಿನಲ್ಲಿ ಗಿರಗಿರ ಸುತ್ತುತ್ತದೆ, ಕಣ್ಣು ಹೊರಗೆ ಉಬ್ಬುತ್ತದೆ. 1995-96ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂಬತ್ತು ಜನಕ್ಕೂ ಹತ್ತಿತು. ಎಂಟು ಜನಕ್ಕೆ ಕೈ ಊತ, ಒಬ್ಬರಿಗೆ ಹೃದಯದ ಸೋಂಕು. ಎಲ್ಲರೂ ಹಸಿ ಮೀನು ಮುಟ್ಟಿದವರು. ಜಾಸ್ತಿ ಜನ ತಂದಿದ್ದು ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು!

ಈಗ ಆ ಕೋಟಿಗೆ ಬೇಕಾದ ಒಂದು ಜೀನಿಗೆ ಬರೋಣ. ಗ್ಲೂಕೋಸಿನ ಮೇಲೆ ಒಂದು ಫಾಸ್ಫೇಟ್ ಕೂತಿರುತ್ತದೆ. ಅದನ್ನು ಗ್ಲೂಕೋಸಿನ ಆರನೇ ಇಂಗಾಲದ ಮನೆಯಿಂದ ಒಂದನೇ ಮನೆಗೆ ಎತ್ತಿಡುವ ಕಿಣ್ವ ಫಾಸ್ಫೋಗ್ಲೂಕೋಮ್ಯೂಟೇಸ್. ಹೆಸರು ಉದ್ದ, ಕೆಲಸ ಅಷ್ಟೇ. ಆದರೆ ಆ ಕೆಲಸ ಆಗದಿದ್ದರೆ ಕೋಟಿಗೆ ಕಚ್ಚಾ ಮಾಲು ಬರುವುದಿಲ್ಲ. ಅಮೆರಿಕದ ವಿಜ್ಞಾನಿಗಳು ಇನಿಯೇಯಲ್ಲಿ ಈ ಕಿಣ್ವ ತಯಾರಿಸುವ ಜೀನನ್ನೇ ಕೆಡಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಟು ತೆಳ್ಳಗಾಯಿತು, ಬಿಳಿ ಕಣಗಳಿಗೆ ರೋಗಾಣು ಸುಲಭವಾಗಿ ಸಿಕ್ಕಿತು. ಅದನ್ನು ಚುಚ್ಚಿದ ಮೀನುಗಳು ಬದುಕಿದವು. ಆಮೇಲೆ ಅಸಲಿ ರೋಗಾಣು ಕೊಟ್ಟಾಗಲೂ ತಡೆದುಕೊಂಡವು. ಒಂದು ಜೀನ್ ಕೆಡಿಸಿದ್ದಕ್ಕೆ ರೋಗಾಣುವೇ ಲಸಿಕೆ ಆಯಿತು. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದೇ.

ಇದರ ದಾಯಾದಿಯೊಬ್ಬ ಇದ್ದಾನೆ, ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ. ಹೆಸರಿನ ಅರ್ಥ 'ಹಾಲಿಲ್ಲ' ಅಂತ. ಹಸುವಿಗೆ ಕೆಚ್ಚಲು ಬಾವು ತರುವವರಲ್ಲಿ ಇವನೂ ಒಬ್ಬ, ಹಾಲು ಹಾಕುವ ಮನೆಗಳಿಗೆ ಆ ಸಂಕಟ ಗೊತ್ತಿರುತ್ತದೆ. ಹಸುಗೂಸುಗಳಿಗೆ ಮಿದುಳು ಜ್ವರವನ್ನೂ ತರುತ್ತಾನೆ. ಇವನು ಇನ್ನೂ ಖದೀಮ. ಸಕ್ಕರೆ ಸರಪಳಿಯ ತುದಿಗೆ ಸಿಯಾಲಿಕ್ ಆಮ್ಲ ಅನ್ನುವ ಇನ್ನೊಂದು ಸಕ್ಕರೆ ಸಿಕ್ಕಿಸುತ್ತಾನೆ. ನಮ್ಮ ಜೀವಕೋಶಗಳ ಮೇಲೂ ಅದೇ ಇರುತ್ತದೆ. ಕಾವಲಿನವರು 'ಓ, ನಮ್ಮೋರೇ' ಅಂದುಕೊಳ್ಳುತ್ತಾರೆ. 2015ರಲ್ಲಿ ಸಿಂಗಾಪುರದಲ್ಲಿ ಹಸಿ ಸಿಹಿನೀರು ಮೀನು ತಿಂದವರಲ್ಲಿ ನೂರಕ್ಕೂ ಜಾಸ್ತಿ ಜನ ಇವನಿಂದ ಕಾಯಿಲೆ ಬಿದ್ದರು. ನಾವು ಸಾರು ಕುದಿಸಿ ತಿನ್ನುವವರು, ಆ ಭಯ ಬೇಡ. ಮುಳ್ಳು ಚುಚ್ಚಿ ಕೈ ಊದಿದರೆ ಮಾತ್ರ ಸುಮ್ನೆ ಅರಿಶಿನ ಮೆತ್ತಿ ಕೂರಬೇಡಿ, ಡಾಕ್ಟರಿಗೆ ಮೀನು ಮುಟ್ಟಿದ್ದನ್ನೂ ಹೇಳಿ.

ಲಸಿಕೆ ಇದ್ದರೆ ಮುಗೀತು, ಅಲ್ವಾ? ಇಲ್ಲ. ಆಸ್ಟ್ರೇಲಿಯಾದ ಬಾರಮುಂಡಿ ಅನ್ನುವ ಮೀನಿನ ಸಾಕಣೆಯಲ್ಲಿ ಲಸಿಕೆ ಹಾಕಿದ ಮೀನುಗಳಿಗೂ ಇನಿಯೇ ಹತ್ತಿತು. ನೋಡಿದರೆ ಕೋಟಿನ ಜೀನುಗಳೇ ಬದಲಾಗಿದ್ದವು. ಲಸಿಕೆಯಿಂದ ಹುಟ್ಟಿದ, ಹಳೇ ಕೋಟಿಗೆ ಅಂಟುವ ಬೂದಿ ಹೊಸ ಕೋಟಿಗೆ ಅಂಟಲಿಲ್ಲ.

(ದೃಶ್ಯ: ಅಕ್ಕ ಜಿಲೇಬಿ ಮೀನಿನ ಬೆನ್ನಿನ ಮುಳ್ಳನ್ನು ಮೊದಲು ಕತ್ತರಿಸಿ ಪಕ್ಕಕ್ಕೆ ಎಸೆಯುತ್ತಾರೆ.)

"ಅಣ್ಣಾ, ಮಾತಾಡಿದ್ದು ಆಯ್ತಾ? ತಲೆ ಬೇಕಾ, ಬೇಡ್ವಾ?"